ಶಾಸಕರಂತೆ ನ್ಯಾಯಾಧೀಶರೂ ಪಕ್ಷದ ಹಿಡಿತದಲ್ಲಿ ಇರುತ್ತಾರೆಯೇ?

ಪ್ರಶ್ನೆ: ನಾವು ಗೆಲ್ಲಿಸಿದ ಶಾಸಕರು ನಮ್ಮ ಮಾತಿಗಿಂತ ಪಕ್ಷದ ಮಾತನ್ನೇ ಹೆಚ್ಚು ಕೇಳುತ್ತಾರೆ. ಪಕ್ಷಗಳು ನ್ಯಾಯಾಧೀಶರನ್ನೂ ಹೀಗೆಯೇ ಹಿಡಿದಿಟ್ಟುಕೊಳ್ಳಬಲ್ಲವೇ?

ಉತ್ತರ: ಕಲಬುರಗಿ, ಯಾದಗಿರಿಯ ಕೋರ್ಟ್ ಆವರಣಗಳಲ್ಲಿ ಚಹಾ ಕುಡಿಯುತ್ತ ಕಕ್ಷಿದಾರರು ಎತ್ತುವ ಪ್ರಶ್ನೆ ಇದು. ಇದರೊಳಗೆ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ.

ಶಾಸಕರ ಮೇಲಿನ ಹಿಡಿತವನ್ನು ಸಂವಿಧಾನವೇ ಪಕ್ಷದ ಕೈಗೆ ಕೊಟ್ಟಿದೆ. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸೇರಿದ ಹತ್ತನೇ ಅನುಸೂಚಿಯ (ಪಕ್ಷಾಂತರ ನಿಷೇಧ ಕಾಯ್ದೆ) ಪ್ರಕಾರ, ವಿಪ್ (ಹೇಗೆ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿ ಸದನದಲ್ಲಿ ಮತ ಹಾಕಿದವರ ಅಥವಾ ಮತದಾನದಿಂದ ದೂರ ಉಳಿದವರ ತಪ್ಪನ್ನು ಪಕ್ಷವು 15 ದಿನದೊಳಗೆ ಮನ್ನಿಸದಿದ್ದರೆ ಅವರ ಸದಸ್ಯತ್ವ ಹೋಗಬಹುದು. ತೀರ್ಮಾನಿಸುವವರು ಸ್ಪೀಕರ್, ಅವರೂ ಸಾಮಾನ್ಯವಾಗಿ ಆಳುವ ಪಕ್ಷದಿಂದಲೇ ಬಂದವರು. ಆದರೆ ನನ್ನ ದೃಷ್ಟಿಯಲ್ಲಿ ವಿಪ್‌ಗಿಂತ ಬಿ ಫಾರಂ, ಅಂದರೆ ಪಕ್ಷದ ಅಧಿಕೃತ ಅಭ್ಯರ್ಥಿ ಎಂಬ ಪತ್ರ, ದೊಡ್ಡದು, ಏಕೆಂದರೆ ಮುಂದಿನ ಟಿಕೆಟ್ಟಿನ ಚಿಂತೆ ಇದ್ದವರಿಗೆ ವಿಪ್ ಹೊರಡಿಸುವ ಅಗತ್ಯವೇ ಬೀಳುವುದಿಲ್ಲ. ಎಷ್ಟೇ ಎತ್ತರಕ್ಕೆ ಏರಿದವರಾದರೂ ಹೈಕಮಾಂಡಿನ ಕೈಗೆ ಎಟುಕುತ್ತಾರೆಂಬುದಕ್ಕೆ ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರೇ ಸಾಕ್ಷಿ. 1989ರಲ್ಲಿ 224ರ ಪೈಕಿ 178 ಸ್ಥಾನ ಗೆದ್ದ ಪಕ್ಷದ ಮುಖ್ಯಮಂತ್ರಿಯಾಗಿದ್ದ ಅವರು ಮರುವರ್ಷ ಹಾಸಿಗೆ ಹಿಡಿದಿದ್ದಾಗ, ಅವರನ್ನು ಬದಲಾಯಿಸುವ ಮಾತು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ರಾಜೀವ್ ಗಾಂಧಿಯವರ ಬಾಯಿಂದ ಹೊರಬಿತ್ತು. ಅದೇ ಚಿಂಚೋಳಿಯ ಶಾಸಕ ಉಮೇಶ್ ಜಾಧವ್ 2019ರಲ್ಲಿ ರಾಜೀನಾಮೆ ಕೊಟ್ಟು ಬೇರೆ ಪಕ್ಷದಿಂದ ಸಂಸದರಾದರು. ತೆರವಾದ ಕ್ಷೇತ್ರದಲ್ಲಿ ಅವರ ಮಗ ಗೆದ್ದರು. ಕಾಯ್ದೆಯ ಹಗ್ಗ ಬಿಗಿಯಾದಷ್ಟೂ ರಾಜೀನಾಮೆಯ ಕಿಂಡಿ ಅಗಲವಾಗಿದೆ.

ನ್ಯಾಯಾಧೀಶರಿಗೆ ವಿಪ್ ಇಲ್ಲ, ಟಿಕೆಟ್ಟಿನ ಹಂಗಿಲ್ಲ. ಸಂವಿಧಾನದ 235ನೇ ವಿಧಿಯಂತೆ ಕೆಳಹಂತದ ನ್ಯಾಯಾಧೀಶರ ವರ್ಗಾವಣೆ, ಶಿಸ್ತು ಹೈಕೋರ್ಟಿನ ನಿಯಂತ್ರಣದಲ್ಲಿವೆ, ಸರ್ಕಾರದ ಕೈಯಲ್ಲಲ್ಲ. ಮೇಲಿನ ಹಂತದಲ್ಲಿ 1993ರ ತೀರ್ಪಿನಿಂದೀಚೆಗೆ ಹೆಸರು ಸೂಚಿಸುವುದು ಕೊಲಿಜಿಯಂ, ಅಂದರೆ ಹಿರಿಯ ನ್ಯಾಯಮೂರ್ತಿಗಳ ಮಂಡಳಿ. ಅದರ ಬದಲಿಗೆ ತಂದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗದ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಪಡಿಸಿತು. ಆದರೂ ಸೂಚಿಸಿದ ಹೆಸರಿನ ಕಡತವನ್ನು ತಿಂಗಳುಗಟ್ಟಲೆ ಕೂರಿಸುವ ಶಕ್ತಿ ಕೇಂದ್ರ ಸರ್ಕಾರಕ್ಕೆ ಉಳಿದಿದೆ.

ಇಲ್ಲಿ ಕೆ.ಎಸ್. ಹೆಗ್ಡೆಯವರ ಬದುಕನ್ನು ನೆನೆಯಬೇಕು. ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋಗಿದ್ದ ಅವರು 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾಗಿ, ಮುಂದೆ ಸುಪ್ರೀಂ ಕೋರ್ಟಿಗೂ ಏರಿದರು. ಪಕ್ಷದ ಋಣ ತೀರಿಸುತ್ತಾರೆಂದು ಎಣಿಸಿದ್ದವರ ಲೆಕ್ಕ ತಪ್ಪಿತು: ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಾಯಿಸಲಾಗದು ಎಂದು ತೀರ್ಮಾನವಾದ ಕೇಶವಾನಂದ ಭಾರತಿ ಪ್ರಕರಣದಲ್ಲಿ ಅವರು ಸರ್ಕಾರದ ವಾದವನ್ನು ಒಪ್ಪದ ಬಹುಮತದ ಪಾಲಿಗಿದ್ದರು. ತೀರ್ಪು ಬಂದ ಬೆನ್ನಿಗೇ, 1973ರ ಏಪ್ರಿಲ್‌ನಲ್ಲಿ, ಅವರೂ ಸೇರಿದಂತೆ ಮೂವರು ಹಿರಿಯರನ್ನು ಬದಿಗಿಟ್ಟು ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. 1977ರಲ್ಲಿ ಹೆಗ್ಡೆಯವರು ಜನತಾ ಪಕ್ಷದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ನ್ಯಾಯಾಧೀಶರು ನಿವೃತ್ತಿಯ ನಂತರದ ಹುದ್ದೆಗಳ ಮೇಲೆ ಕಣ್ಣಿಡುತ್ತಾರೆಂದು ಇಂದಿಗೂ ಕೇಳಿಬರುವ ತಕರಾರು ಪೂರ್ತಿ ಆಧಾರವಿಲ್ಲದ್ದೂ ಅಲ್ಲ, ಎಲ್ಲರಿಗೂ ಅನ್ವಯಿಸುವಂಥದ್ದೂ ಅಲ್ಲ.

ಹಾಗಾದರೆ ಸರ್ಕಾರ ಬದಲಾದಾಗ ಕೋರ್ಟಿನಲ್ಲಿ ಬದಲಾಗುವವರು ಯಾರು? ಬಹುಮಟ್ಟಿಗೆ ಸರ್ಕಾರಿ ವಕೀಲರು. ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಸರ್ಕಾರದ ಪರ ವಾದಿಸುವವರನ್ನು ನೇಮಿಸುವುದು ರಾಜ್ಯ ಸರ್ಕಾರವೇ ಆದ್ದರಿಂದ, ಪಕ್ಷದ ನೆರಳು ಮೊದಲು ಬೀಳುವುದು ಆ ಮೇಜಿನ ಮೇಲೆ: ಯಾವ ಪ್ರಕರಣಕ್ಕೆ ಮೇಲ್ಮನವಿ, ಯಾವುದರಲ್ಲಿ ಮೌನ, ಯಾವುದನ್ನು ಹಿಂಪಡೆಯಬೇಕು ಎಂಬಲ್ಲಿ. ಕ್ರಿಮಿನಲ್ ಮೊಕದ್ದಮೆ ಹಿಂಪಡೆಯಲು ನ್ಯಾಯಾಲಯದ ಒಪ್ಪಿಗೆ ಬೇಕು. ಆರೋಪಿ ಶಾಸಕ ಅಥವಾ ಸಂಸದನಾದರೆ, ಸುಪ್ರೀಂ ಕೋರ್ಟಿನ 2021ರ ಆಗಸ್ಟ್ ಆದೇಶದಂತೆ, ಹೈಕೋರ್ಟಿನ ಅನುಮತಿಯೂ ಬೇಕು.