ಸೇಲಂ ಹುಡುಗಿಯರ ಮೈಮೇಲೆ ಬಂದದ್ದು ಏನು?

1692ರಲ್ಲಿ ಅಮೆರಿಕದ ಸೇಲಂನಲ್ಲಿ ಕೆಲವು ಹುಡುಗಿಯರು ಬಿದ್ದು ಒದ್ದಾಡುತ್ತಾ, ಮಾಟ ಮಾಡಿದವರು ಇವರೇ ಅಂತ ಹಲವರ ಹೆಸರು ಹೇಳಿದರು. ಆ ಮಾಟಗಾತಿ ವಿಚಾರಣೆಯ ಮಾತು ಬಂದರೆ ಸಾಕು, ಹುಡುಗಿಯರ ಒದ್ದಾಟವೆಲ್ಲ ರೈ ಧಾನ್ಯಕ್ಕೆ ಹಿಡಿದ ಅರ್ಗಟ್ ಬೂಷ್ಟಿನ ವಿಷ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 1976ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ವಾದ ಇದು. ಅರ್ಗಟ್ ಹೊಟ್ಟೆಗೆ ಹೋದರೆ ಸೆಳೆತ, ಭ್ರಮೆ ಬರುವುದು ನಿಜ. ಆದರೆ ಅದೇ ವರ್ಷ ಅದೇ ಪತ್ರಿಕೆಯಲ್ಲಿ ಉತ್ತರವೂ ಬಂತು. ಊಟದಲ್ಲಿ ವಿಷವಿದ್ದರೆ ಮನೆಮಂದಿಗೆಲ್ಲ ತಗುಲಬೇಕು ಅಲ್ವಾ? ಸೇಲಂನಲ್ಲಿ ಹಾಗಾಗಲಿಲ್ಲ. ಆರೋಪಿ ಕೋರ್ಟಿನಲ್ಲಿ ಕಣ್ಣೆತ್ತಿ ನೋಡಿದರೆ ಹುಡುಗಿಯರು ಬಿದ್ದು ಒದ್ದಾಡುತ್ತಿದ್ದರು, ಆಕೆಯ ಕೈ ಮುಟ್ಟಿಸಿದರೆ ಸುಮ್ಮನಾಗುತ್ತಿದ್ದರು. ವಿಷ ಹೀಗೆ ಕೆಲಸ ಮಾಡುವುದಿಲ್ಲ.

ನನಗೆ ಕಾರಣ ಜಾಸ್ತಿ ಕಾಣುವುದು ಪುಸ್ತಕಗಳಲ್ಲಿ. ಸೇಲಂ ಇರುವ ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು, ಅಂದರೆ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಕ್ರೈಸ್ತರು, ಓದುವ ಜನ. ಮಗುವಿನ ಜ್ವರ, ಸತ್ತ ಹಸು, ಎಲ್ಲದರಲ್ಲೂ ದೇವರ ಇಲ್ಲವೇ ಸೈತಾನನ ಕೈ ಹುಡುಕುತ್ತಿದ್ದರು. 1688ರಲ್ಲಿ ಬಾಸ್ಟನ್ನಿನ ಗುಡ್ವಿನ್ ಮನೆಯ ಮಕ್ಕಳು ಮೈ ತಿರುಚಿಕೊಂಡು ಕಿರುಚತೊಡಗಿದಾಗ ಗ್ಲೋವರ್ ಎಂಬ ಐರಿಷ್ ಹೆಂಗಸನ್ನು ನೇಣಿಗೇರಿಸಿದರು. ಮರುವರ್ಷ ಪಾದ್ರಿ ಕಾಟನ್ ಮೇದರ್ ಆ ಮಕ್ಕಳ ಲಕ್ಷಣಗಳನ್ನೆಲ್ಲ ವಿವರವಾಗಿ ಬರೆದು ಅಚ್ಚು ಹಾಕಿಸಿದ. ಮೂರೇ ವರ್ಷಕ್ಕೆ ಸೇಲಂ ಹಳ್ಳಿಯ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್ ಮನೆಯಲ್ಲಿ ಅವನ 9 ವರ್ಷದ ಮಗಳು, ಜೊತೆಗಿದ್ದ 11 ವರ್ಷದ ಅಬಿಗೇಲ್ ಹಾಗೆಯೇ ಒದ್ದಾಡತೊಡಗಿದರು. ಪಕ್ಕದ ಊರಿನ ಪಾದ್ರಿ ಜಾನ್ ಹೇಲ್ ಇದನ್ನು ಗುಡ್ವಿನ್ ಮಕ್ಕಳಿಗೇ ಹೋಲಿಸಿ ಬರೆದಿದ್ದಾನೆ. ಹುಡುಗಿಯರೆಲ್ಲ ಸುಮ್ನೆ ನಾಟಕ ಆಡಿದರು ಅಂತ ನಾನು ಹೇಳುತ್ತಿಲ್ಲ. ಗಡಿಯಲ್ಲಿ ಯುದ್ಧ ನಡೆದಿತ್ತು, ಮನೆ ಸುಟ್ಟು ಓಡಿಬಂದವರು ಊರಲ್ಲಿದ್ದರು, ಭಯ ನಿಜವಾಗಿತ್ತು. ಹೆದರಿದ ಮೈ ತನಗೆ ಗೊತ್ತಿರುವ ರೀತಿಯಲ್ಲೇ ಹೆದರಿಕೆ ತೋರಿಸುತ್ತದೆ, ಆ ರೀತಿ ಆಗಲೇ ಅಚ್ಚಾಗಿತ್ತು.

ಉಳಿದದ್ದನ್ನು ಕೋರ್ಟು ಮಾಡಿತು. 'ಅವಳ ಆಕೃತಿ ಬಂದು ನನ್ನನ್ನು ಚಿವುಟಿತು' ಎಂದರೆ ಅದೂ ಸಾಕ್ಷಿ. ಆಕೃತಿ ಅಂದರೆ ಮೈ ಬಿಟ್ಟು ಓಡಾಡುವ, ಬೇರೆಯವರಿಗೆ ಕಾಣದ ರೂಪ. ಅವಳು ಆಗ ತನ್ನ ಮನೆಯಲ್ಲೇ ಮಲಗಿದ್ದಳು ಎಂದರೂ ಪ್ರಯೋಜನವಿಲ್ಲ, ಬಂದದ್ದು ಆಕೃತಿ ತಾನೆ! ಒಪ್ಪಿಕೊಂಡು ಬೇರೆಯವರ ಹೆಸರು ಹೇಳಿದವರು ಬದುಕಿದರು. ಕೊನೆವರೆಗೂ ನಾನಲ್ಲ ಎಂದ 71 ವರ್ಷದ ರೆಬೆಕಾ ನರ್ಸ್‌ಳನ್ನು ಜ್ಯೂರಿ ಮೊದಲು ಬಿಟ್ಟಿತ್ತು, ನ್ಯಾಯಾಧೀಶರು ಮತ್ತೆ ಯೋಚಿಸಿ ಅಂತ ಜ್ಯೂರಿಯನ್ನು ಒಳಗೆ ಕಳಿಸಿ ತೀರ್ಪು ಬದಲಾಯಿಸಿಕೊಂಡರು. ಇದನ್ನು ಓದುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಒಟ್ಟು 19 ಜನ ನೇಣಿಗೆ ಹೋದರು. ಗೈಲ್ಸ್ ಕೋರಿ ಎಂಬ ಮುದುಕನನ್ನು ಕಲ್ಲು ಹೇರಿ ಸಾಯಿಸಿದರು.

ಇದನ್ನು ನಿಲ್ಲಿಸಲು ನೆರವಾದದ್ದೂ ಒಂದು ಬರಹವೇ. ಕಾಟನ್‌ನ ಅಪ್ಪ ಇನ್‌ಕ್ರೀಸ್ ಮೇದರ್, ಒಬ್ಬ ನಿರಪರಾಧಿಗೆ ಶಿಕ್ಷೆಯಾಗುವುದಕ್ಕಿಂತ ಮಾಟಗಾತಿಯರೆಂದು ಶಂಕೆ ಇರುವ ಹತ್ತು ಜನ ತಪ್ಪಿಸಿಕೊಂಡರೂ ಮೇಲು ಎಂದು ಬರೆದ. 1692ರ ಅಕ್ಟೋಬರ್‌ನಲ್ಲೇ ಗವರ್ನರ್ ಫಿಪ್ಸ್ ಆ ಕೋರ್ಟು ಮುಚ್ಚಿಸಿದ. ಆಕೃತಿಯ ಸಾಕ್ಷಿ ಬಿಟ್ಟು ವಿಚಾರಿಸಿದಾಗ 1693ರಲ್ಲಿ ಹೆಚ್ಚಿನವರು ಖುಲಾಸೆಯಾದರು. ಆರೋಪ ಮಾಡಿದವರಲ್ಲಿ ಒಬ್ಬಳಾದ ಆ್ಯನ್ ಪುಟ್ನಂ 1706ರಲ್ಲಿ ಚರ್ಚಿನಲ್ಲಿ ಕ್ಷಮೆ ಕೇಳಿದಳು. ಆಗಲೂ ಅವಳು ಕೊಟ್ಟ ಕಾರಣ ಸೈತಾನನ ಮೋಸ.