ಶುಗರ್ ಸರಿ ಬಂದ ಮಾತ್ರಕ್ಕೆ ಯಂತ್ರ ಸರಿಯಿದೆಯೇ?

ತಾಲ್ಲೂಕು ಕೇಂದ್ರಗಳಲ್ಲಿ ಹೊಸದಾಗಿ ಲ್ಯಾಬ್ ತೆರೆಯುವ ಹಲವರು ಖರ್ಚು ಉಳಿಸಲು ಸೆಕೆಂಡ್ ಹ್ಯಾಂಡ್ ಸೆಮಿ ಆಟೋ ಅನಲೈಸರ್, ಅಂದರೆ ರಕ್ತದ ಸ್ಯಾಂಪಲ್ಲಿನೊಳಗೆ ಬೆಳಕು ಹಾಯಿಸಿ ಶುಗರ್ ಮುಂತಾದವನ್ನು ಅಳೆಯುವ ಯಂತ್ರ, ಕೊಳ್ಳುತ್ತಾರೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಮಾರುವವರು ಸಾಮಾನ್ಯವಾಗಿ ಒಂದು ಗ್ಲೂಕೋಸ್ ಪರೀಕ್ಷೆ ಮಾಡಿ ತೋರಿಸುತ್ತಾರೆ, ಉತ್ತರ ಸರಿಯಾಗಿಯೇ ಬರುತ್ತದೆ, ವ್ಯಾಪಾರ ಅಲ್ಲಿಗೇ ಕುದುರಿಬಿಡುತ್ತದೆ.

ಗ್ಲೂಕೋಸನ್ನು ಅಳೆಯುವುದು ಸುಮಾರು 505 ನ್ಯಾನೋಮೀಟರಿನಲ್ಲಿ, ಅಂದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ. ಯಕೃತ್ತಿನ ಸ್ಥಿತಿ ತಿಳಿಯಲು ನೋಡುವ ಕಿಣ್ವಗಳಾದ ಎಸ್‌ಜಿಒಟಿ, ಎಸ್‌ಜಿಪಿಟಿ, ಹಾಗೂ ಯೂರಿಯಾದಂಥ ಪರೀಕ್ಷೆಗಳಿಗೆ ಬೇಕಾದದ್ದು 340 ನ್ಯಾನೋಮೀಟರಿನ ಅತಿನೇರಳೆ ಬೆಳಕು. ಯಂತ್ರದೊಳಗಿನ ಹ್ಯಾಲೊಜೆನ್ ದೀಪ ಹೊಸದಿದ್ದಾಗಲೂ ಆ ಭಾಗದ ಬೆಳಕನ್ನು ಸೂಸುವುದು ಅತ್ಯಲ್ಪ. ದೀಪ ಸವೆದು, ಬೇಕಾದ ಬೆಳಕನ್ನಷ್ಟೇ ಬಿಡುವ ಫಿಲ್ಟರ್ ಮಸುಕಾದಾಗ ಮೊದಲು ಕೈಕೊಡುವುದೂ ಅದೇ. ಹೀಗಾಗಿ ಶುಗರನ್ನು ಸರಿಯಾಗಿ ಹೇಳಿದ ಯಂತ್ರವೇ ಎಸ್‌ಜಿಪಿಟಿಗೆ ಬಂದಾಗ ಒಂದೇ ಸೀರಮ್ಮಿಗೆ (ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ) ಮೂರು ಸಲ ಮೂರು ಉತ್ತರ ಕೊಡಬಲ್ಲದು. ಯಂತ್ರವನ್ನು ಆನ್ ಮಾಡಿ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, 340ರ ಫಿಲ್ಟರ್ ಆರಿಸಿ, ಡಿಸ್ಟಿಲ್ಡ್ ವಾಟರ್ ತುಂಬಿಸಿ, ಹದಿನೈದು ನಿಮಿಷ ಅಬ್ಸಾರ್ಬೆನ್ಸನ್ನೇ (ದ್ರವ ಎಷ್ಟು ಬೆಳಕು ಹೀರಿತೆಂದು ತೋರಿಸುವ ಅಂಕಿ) ನೋಡುತ್ತಾ ಕುಳಿತುಕೊಳ್ಳಿ. ದಶಮಾಂಶದ ಮೂರನೆಯ ಅಂಕಿ ತುಸು ಅಲುಗಿದರೆ ಚಿಂತೆಯಿಲ್ಲ. ಎರಡನೆಯ ಅಂಕಿಯೇ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಹೊಸ ದೀಪ ಹಾಕಿ ಮತ್ತೆ ತೋರಿಸುವಂತೆ ಕೇಳಬೇಕು. ಆಗಲೂ ಸರಿಯುತ್ತಿದ್ದರೆ ದೋಷ ಬೆಳಕನ್ನು ಅಳೆಯುವ ಡಿಟೆಕ್ಟರಿನಲ್ಲೋ ಸರ್ಕ್ಯೂಟಿನಲ್ಲೋ ಇರಬಹುದು, ಅಂಥದ್ದನ್ನು ಬಿಟ್ಟು ಬರುವುದೇ ಲೇಸು.

ಸ್ಯಾಂಪಲ್ ಹರಿದುಬಂದು ನಿಲ್ಲುವ ಪುಟ್ಟ ಕೋಶವಾದ ಫ್ಲೋ ಸೆಲ್ಲನ್ನೂ ನಂಬಬಾರದು. ಅದರ ಒಳಗೋಡೆಗೆ ಪ್ರೋಟೀನ್ ಅಂಟಿಕೊಂಡಿದ್ದರೆ ಹಿಂದಿನ ರೋಗಿಯ ಅಂಶ ಮುಂದಿನವರ ರಿಪೋರ್ಟಿಗೆ ನುಸುಳುತ್ತದೆ. ಹೆಚ್ಚು ಮೌಲ್ಯದ ಸ್ಯಾಂಪಲ್ಲಿನ ಬೆನ್ನಿಗೇ ಕಡಿಮೆ ಮೌಲ್ಯದ್ದನ್ನು ಮೂರು ಬಾರಿ ಓಡಿಸಿದಾಗ ಮೊದಲನೆಯ ಉತ್ತರ ಮಾತ್ರ ಏರಿದ್ದರೆ ಸಂಗತಿ ಸ್ಪಷ್ಟ. ಪರದೆಯ ಮೇಲೆ 37 ಡಿಗ್ರಿ ಎಂದು ತೋರಿಸುವುದು ಸೆನ್ಸರಿನ ಮಾತಷ್ಟೇ. ಒಳಗಿನ ದ್ರವ ನಿಜಕ್ಕೂ ಅಷ್ಟು ಬಿಸಿಯಾಗದಿದ್ದರೆ ಕಿಣ್ವಗಳ ಪರೀಕ್ಷೆಗಳೆಲ್ಲ ಕಡಿಮೆ ಉತ್ತರ ಕೊಡುತ್ತವೆ, ಶುಗರ್ ಮಾತ್ರ ಆಗಲೂ ಬಹುತೇಕ ಸರಿಯಾಗಿಯೇ ಕಾಣುತ್ತದೆ. ಅದಕ್ಕೇ ನಾರ್ಮಲ್ ಮತ್ತು ಅಬ್‌ನಾರ್ಮಲ್ ಎರಡೂ ಕಂಟ್ರೋಲ್‌ಗಳನ್ನು (ಉತ್ತರ ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುವ ಸ್ಯಾಂಪಲ್‌ಗಳು) ನೀವೇ ಕೊಂಡೊಯ್ಯಿರಿ. ಮಾರುವವರ ಸೀರಮ್ ಬೇಡ.

ಕಾಗದಪತ್ರದ ವಿಷಯ ಚಿಕ್ಕದು, ಆದರೆ ಮರೆಯುವಂಥದ್ದಲ್ಲ. ತಮ್ಮ ರೀಏಜೆಂಟನ್ನೇ (ಪರೀಕ್ಷೆಗೆ ಬಳಸುವ ರಾಸಾಯನಿಕ) ಕೊಳ್ಳುವ ಕರಾರಿನ ಮೇಲೆ ಕಂಪನಿಗಳು ಲ್ಯಾಬ್‌ಗಳಿಗೆ ಇರಿಸಿಹೋಗುವ ಯಂತ್ರಗಳುಂಟು. ಅವುಗಳ ಒಡೆತನ ಸಾಮಾನ್ಯವಾಗಿ ಕಂಪನಿಯದೇ. ಮೂಲ ಇನ್‌ವಾಯ್ಸಿನಲ್ಲಿರುವ ಸೀರಿಯಲ್ ನಂಬರನ್ನು ಯಂತ್ರದ ಹಿಂಬದಿಯ ಫಲಕದೊಂದಿಗೆ ತಾಳೆ ನೋಡಿ, ಅದೇ ನಂಬರನ್ನು ತಯಾರಕರ ಸರ್ವಿಸ್ ವಿಭಾಗಕ್ಕೆ ತಿಳಿಸಿ, ಆ ಮಾದರಿಯ ಫಿಲ್ಟರ್ ಮತ್ತು ಫ್ಲೋ ಸೆಲ್ ಇನ್ನೂ ಸಿಗುತ್ತವೆಯೇ ಎಂದು ಮುಂಗಡ ಕೊಡುವ ಮುನ್ನವೇ ಬರಹದಲ್ಲಿ ಕೇಳಿಕೊಳ್ಳಿ.