ಪದ ಪರಿಚಯ: ಮೈವಯಸ್ಸು

ದೇಹ ತನ್ನ ಬೆಳವಣಿಗೆಯ ದಾರಿಯಲ್ಲಿ ಎಷ್ಟು ದೂರ ಬಂದಿದೆ ಎಂಬ ಲೆಕ್ಕವೇ ಮೈವಯಸ್ಸು. ಪುಸ್ತಕಗಳಲ್ಲಿ ಇದನ್ನು ‘ಜೈವಿಕ ವಯಸ್ಸು’ ಎನ್ನುತ್ತಾರೆ. ಜನನ ಪ್ರಮಾಣಪತ್ರದ ವಯಸ್ಸು ಎಲ್ಲರಿಗೂ ಒಂದೇ ವೇಗದಲ್ಲಿ ಏರುತ್ತದೆ, ಮೈವಯಸ್ಸು ಹಾಗಲ್ಲ. 13 ತುಂಬಿದ ಇಬ್ಬರು ಹುಡುಗರಲ್ಲಿ ಒಬ್ಬನ ಮೂಳೆ 11ರದ್ದಾಗಿರಬಹುದು, ಇನ್ನೊಬ್ಬನದು 15ರದ್ದು. ಇಬ್ಬರಿಗೂ ಯಾವ ಕಾಯಿಲೆಯೂ ಇಲ್ಲ. ತಾಲ್ಲೂಕು ಕ್ರೀಡಾಕೂಟದ 14 ವರ್ಷದೊಳಗಿನವರ 100 ಮೀಟರ್ ಹೀಟ್ಸ್‌ನಲ್ಲಿ ಇವರಿಬ್ಬರೂ ಪಕ್ಕಪಕ್ಕದ ಲೇನ್‌ನಲ್ಲಿ ನಿಂತಿರುತ್ತಾರೆ. ಯಾರು ಗೆಲ್ಲುತ್ತಾರೆ ಎಂದು ಊಹಿಸಲು ಪಿಟಿ ಮೇಷ್ಟ್ರೇ ಬೇಕಿಲ್ಲ.

ಗೆದ್ದವನನ್ನು ‘ಪ್ರತಿಭೆ’ ಎಂದು, ಸೋತವನನ್ನು ‘ಇವನ ಕೈಲಾಗಲ್ಲ’ ಎಂದು ಬರೆದಿಡುವುದೇ ತಪ್ಪು. ಹುಡುಗರು ಸರಾಸರಿ 14ರ ಸುಮಾರಿಗೆ, ಹುಡುಗಿಯರು 12ರ ಸುಮಾರಿಗೆ ಅತಿ ವೇಗವಾಗಿ ಉದ್ದವಾಗುತ್ತಾರೆ. ಆ ಏರುಕಾಲದಲ್ಲಿ ಹುಡುಗ ವರ್ಷಕ್ಕೆ 9–10 ಸೆಂ.ಮೀ., ಹುಡುಗಿ 8 ಸೆಂ.ಮೀ. ಆಸುಪಾಸು ಬೆಳೆಯುವುದುಂಟು. ಮೊದಲು ಕಾಲು ಉದ್ದವಾಗುತ್ತದೆ, ಆಮೇಲೆ ಮುಂಡ, ಅದರ ಬೆನ್ನಿಗೆ ಹುಡುಗರಲ್ಲಿ ಸ್ನಾಯು ಮತ್ತು ಬಲ. ಓಟದ ಸಮಯ ತನ್ನಷ್ಟಕ್ಕೇ ಇಳಿಯುವುದು ಈ ಹಂತದಲ್ಲಿ. ಬೇಗ ಬೆಳೆದವನಿಗೆ ಈ ಲಾಭ 12ಕ್ಕೇ ಸಿಕ್ಕಿಬಿಟ್ಟಿರುತ್ತದೆ, ತಡವಾಗಿ ಬೆಳೆಯುವವನಿಗೆ ಇನ್ನೂ ಬರಬೇಕಿರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಹುಡುಗನ ಅಂತಿಮ ಎತ್ತರದ ಒರಟು ಅಂದಾಜಿಗೆ ತಂದೆ ತಾಯಿಯ ಎತ್ತರ ಕೂಡಿಸಿ, 13 ಸೆಂ.ಮೀ. ಸೇರಿಸಿ, ಎರಡರಿಂದ ಭಾಗಿಸಬೇಕು. ಹುಡುಗಿಯಾದರೆ 13 ಕಳೆಯಬೇಕು. ತಂದೆ 168, ತಾಯಿ 154 ಎಂದರೆ ಮಗನ ಗುರಿ 167.5. ಇದೇ ಗುರಿಯಿರುವ 13 ವರ್ಷದ ಇಬ್ಬರಲ್ಲಿ ಒಬ್ಬ ಈಗ 160, ಇನ್ನೊಬ್ಬ 145 ಸೆಂ.ಮೀ. ಇದ್ದಾನೆ ಎನ್ನಿ. ಮೊದಲಿನವನು ಶೇ. 95 ದಾಟಿದ್ದಾನೆ, ಎರಡನೆಯವನು ಇನ್ನೂ ಶೇ. 87ರ ಹತ್ತಿರ. ಏರುಕಾಲದ ತುದಿ ಬರುವುದು ಶೇ. 91–92ರ ಸುಮಾರಿಗೆ. ಅಂದರೆ ಒಬ್ಬ ಘಟ್ಟ ಇಳಿದಾಗಿದೆ, ಇನ್ನೊಬ್ಬ ಹತ್ತಲು ಶುರುಮಾಡಿದ್ದಾನಷ್ಟೆ. 100 ಮೀಟರ್‌ನಲ್ಲಿ ಇವರ ನಡುವೆ ಒಂದು ಸೆಕೆಂಡಿನ ಅಂತರವಿದ್ದರೆ, ನನ್ನ ಗಮನ ಹಿಂದೆ ಉಳಿದವನ ಮೇಲೇ. ಈ ಅಂದಾಜಿನಲ್ಲಿ ಎಂಟು ಸೆಂ.ಮೀ. ಆಚೀಚೆ ಆಗುವುದು ಮಾಮೂಲು ಎಂಬುದನ್ನೂ ಮರೆಯಬಾರದು.

ಬರೀ ಗೋಡೆ ಸಾಕು, ಯಂತ್ರ ಬೇಡ. ಗೋಡೆಗೆ ಟೇಪ್ ಅಂಟಿಸಿ, ಬೂಟು ಬಿಚ್ಚಿಸಿ, ತಲೆಯ ಮೇಲೆ ಮೂಲೆಮಟ್ಟದ ಹಲಗೆ ಇಟ್ಟು ಅಳೆಯಿರಿ. ಯಾವಾಗಲೂ ಬೆಳಿಗ್ಗೆಯೇ ಅಳೆಯಬೇಕು, ಸಂಜೆಗೆ ಬೆನ್ನುಮೂಳೆ ಒತ್ತಿ ಒಂದು ಸೆಂ.ಮೀ.ವರೆಗೆ ಕಡಿಮೆ ತೋರಿಸಬಹುದು. ಮೂರು ತಿಂಗಳಿಗೊಮ್ಮೆ ಬರೆದಿಡಿ, ಆದರೆ ಬೆಳವಣಿಗೆಯ ವೇಗವನ್ನು ಆರು ತಿಂಗಳ ವ್ಯತ್ಯಾಸದಿಂದಲೇ ತೆಗೆಯಿರಿ. ಅಳತೆಯಲ್ಲಿ ಅರ್ಧ ಸೆಂ.ಮೀ. ತಪ್ಪಿದರೆ ಮೂರು ತಿಂಗಳ ಲೆಕ್ಕದಲ್ಲಿ ಅದು ವರ್ಷಕ್ಕೆ 2 ಸೆಂ.ಮೀ. ತಪ್ಪಾಗಿ ಕಾಣುತ್ತದೆ. ಬೆಂಚಿನ ಮೇಲೆ ಕೂರಿಸಿ, ಬೆಂಚಿನಿಂದ ನೆತ್ತಿಯವರೆಗೆ ಕುಳಿತ ಎತ್ತರವನ್ನೂ ಅಳೆಯಿರಿ. ನಿಂತ ಎತ್ತರದಿಂದ ಅದನ್ನು ಕಳೆದರೆ ಕಾಲಿನ ಉದ್ದ. ಕಾಲು ಮಾತ್ರ ಓಡುತ್ತಿದ್ದರೆ ಏರುಕಾಲ ಬಾಗಿಲಲ್ಲಿದೆ, ಕಾಲು ನಿಂತು ಮುಂಡ ಬೆಳೆಯುತ್ತಿದ್ದರೆ ತುದಿ ದಾಟಿದೆ.

ಇನ್ನು ಓಟದ ಸಮಯ ಹಿಡಿಯುವ ಗಡಿಯಾರದ ವಿಷಯ. ಓಟ ಮುಗಿಯುವ ಗೆರೆಯಲ್ಲಿ ನಿಂತವರು ಸೀಟಿ ಕೇಳಿ ಸ್ಟಾಪ್‌ವಾಚ್ ಒತ್ತಿದರೆ, ಶಬ್ದ 100 ಮೀಟರ್ ದಾಟಲು ಬೇಕಾದ 0.3 ಸೆಕೆಂಡ್ ಮಗುವಿಗೆ ಪುಕ್ಕಟೆ. ಅದಕ್ಕೇ ಪಿಸ್ತೂಲಿನ ಹೊಗೆ ಅಥವಾ ಕೆಳಗಿಳಿದ ಬಾವುಟ ನೋಡಿ ಒತ್ತಬೇಕು. ಹಾಗೆ ಒತ್ತಿದರೂ ವಿದ್ಯುನ್ಮಾನ ಸಮಯಕ್ಕೆ ಹೋಲಿಸುವಾಗ 0.24 ಸೇರಿಸುವುದು ರೂಢಿ. ಹಗ್ಗ ಹಿಡಿದು ಗುರುತು ಹಾಕಿದ ಮೈದಾನ 98 ಮೀಟರ್ ಇದ್ದರೆ ಇನ್ನೊಂದು ಕಾಲು ಸೆಕೆಂಡ್ ಹೋಯಿತು. ಎಲ್ಲ ಸೇರಿ ಮುಕ್ಕಾಲು ಸೆಕೆಂಡಿಗೂ ಹೆಚ್ಚು. ಗಾಳಿಯ ಮಾತು ಇನ್ನೂ ಎತ್ತಿಲ್ಲ! ‘ನಮ್ಮ ಶಾಲೆ ಹುಡುಗ 12.1 ಓಡ್ದ’ ಎಂಬ ಮಾತು ಕೇಳಿದರೆ ಮೊದಲು ಯಾರು ಒತ್ತಿದ್ದು ಎಂದು ಕೇಳಿ.

ಹುಡುಗಿಯರ ಕಥೆ ಸ್ವಲ್ಪ ಬೇರೆ. ಏರುಕಾಲದ ತುದಿ ದಾಟಿ ಸುಮಾರು ಒಂದು ವರ್ಷಕ್ಕೆ ಮೈನೆರೆಯುತ್ತಾರೆ. ಆಮೇಲೆ ಸೊಂಟ ಅಗಲವಾಗಿ, ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚುತ್ತದೆ. 13–15ರಲ್ಲಿ ಸಮಯ ನಿಂತಲ್ಲೇ ನಿಲ್ಲಬಹುದು, ಹಿಂದೆಯೂ ಹೋಗಬಹುದು. 12ಕ್ಕೆ ಜಿಲ್ಲೆಗೆ ಮೊದಲು ಬಂದವಳು 14ಕ್ಕೆ ಫೈನಲ್‌ಗೂ ಬರದಿದ್ದರೆ ‘ಸೋಮಾರಿಯಾದಳು’ ಎನ್ನುತ್ತಾರೆ. ಅವಳು ಮಾಡಿದ ತಪ್ಪೇನೂ ಇಲ್ಲ. ಆಗ ಬೇಕಿರುವುದು ಬಲದ ಅಭ್ಯಾಸ ಮತ್ತು ಎರಡು ವರ್ಷದ ತಾಳ್ಮೆ, ಊಟ ಕಡಿಮೆ ಮಾಡಿಸುವುದಂತೂ ಖಂಡಿತ ಅಲ್ಲ.

ಮೈವಯಸ್ಸನ್ನು ಮೂಳೆಯಿಂದಲೂ ಓದಬಹುದು: ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು ಟಿಡಬ್ಲ್ಯು3 ಎಂಬ ಪದ್ಧತಿಯಲ್ಲಿ ಅಂಕ ಕೊಡುತ್ತಾರೆ. ನಮ್ಮಲ್ಲಿ ಬಿಸಿಸಿಐ ಕಿರಿಯರ ಕ್ರಿಕೆಟ್‌ಗೆ ಇದನ್ನು ಬಳಸುತ್ತದೆ, ಉದ್ದೇಶ ವಯಸ್ಸಿನ ಕಳ್ಳಾಟ ಹಿಡಿಯುವುದು. ಒಂದು ಕಾಲದಲ್ಲಿ ಕರ್ನಾಟಕದ ಅರ್ಧ ಮಕ್ಕಳು ಜೂನ್ 1ಕ್ಕೆ ಹುಟ್ಟಿದವರೇ, ಮೇಷ್ಟ್ರು ದಾಖಲಾತಿಯಲ್ಲಿ ಬರೆದ ದಿನ ಅದು. ಹಾಗಾಗಿ ಅನುಮಾನ ಸುಳ್ಳಲ್ಲ. ಆದರೂ ಎಕ್ಸ್‌ರೇ ಹೇಳುವುದು ಮೈ ಎಷ್ಟು ಮಾಗಿದೆ ಎಂಬುದನ್ನು, ಹುಟ್ಟಿದ ದಿನವನ್ನಲ್ಲ. ಬೇಗ ಬೆಳೆದ ಪ್ರಾಮಾಣಿಕ ಹುಡುಗನೂ ಅದರಲ್ಲಿ ಸಿಕ್ಕಿಬೀಳಬಹುದು.

ಬೇಗ ಬೆಳೆದವರೆಲ್ಲ ಟುಸ್ ಎನ್ನುತ್ತಾರೆ ಎಂಬುದೂ ಸುಳ್ಳು. ಉಸೇನ್ ಬೋಲ್ಟ್ 15ನೇ ವಯಸ್ಸಿಗೇ, 2002ರ ವಿಶ್ವ ಜೂನಿಯರ್ ಕೂಟದಲ್ಲಿ, 200 ಮೀಟರ್ ಅನ್ನು 20.61ರಲ್ಲಿ ಗೆದ್ದವರು. ಇನ್ನೊಂದು ಕಡೆ, ಅಸ್ಸಾಂನ ಹಿಮಾ ದಾಸ್ ಶಾಲೆಯಲ್ಲಿ ಹುಡುಗರ ಜೊತೆ ಫುಟ್‌ಬಾಲ್ ಆಡುತ್ತಿದ್ದವರು. ಓಟಕ್ಕೆ ಬಂದದ್ದು ತಡವಾಗಿ. 2018ರಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ 20 ವರ್ಷದೊಳಗಿನವರ ವಿಶ್ವ ಕೂಟದ 400 ಮೀಟರ್ ಚಿನ್ನ ಗೆದ್ದರು, ಸಮಯ 51.46. ಇಲ್ಲಿ ನೋಡಬೇಕಾದ್ದು ತರಬೇತಿ ವಯಸ್ಸು, ಅಂದರೆ ಕ್ರಮಬದ್ಧವಾಗಿ ಎಷ್ಟು ವರ್ಷ ಅಭ್ಯಾಸ ಮಾಡಿದ್ದಾರೆ ಎಂಬುದು. ಮೂರು ವರ್ಷ ವಾರಕ್ಕೆ ಆರು ದಿನ ಸ್ಪೈಕ್ಸ್ ಹಾಕಿ ಓಡಿದವಳ 13.8ಕ್ಕೂ, ಬರಿಗಾಲಲ್ಲಿ ಮೊದಲ ಸಲ ಗೆರೆಗೆ ಬಂದವಳ 14.2ಕ್ಕೂ ಒಂದೇ ತಕ್ಕಡಿ ಸಲ್ಲದು.

ಹಾಗಾದರೆ ದಾಖಲೆ ಪುಸ್ತಕದಲ್ಲಿ ಬರೀ ‘100 ಮೀ – 14.2’ ಎಂದು ಬರೆಯುವ ಬದಲು ಸಾಲು ಹೀಗಿರಲಿ: ‘100 ಮೀ – 14.2, ಕೈಗಡಿಯಾರ, ಬಾವುಟ ನೋಡಿ; ವಯಸ್ಸು 13 ವರ್ಷ 2 ತಿಂಗಳು; ಎತ್ತರ 145, ಕುಳಿತಾಗ 75; ಆರು ತಿಂಗಳಲ್ಲಿ 2.5 ಸೆಂ.ಮೀ.; ಗುರಿ 167.5, ತರಬೇತಿ 4 ತಿಂಗಳು, ಮೊಣಕಾಲ ಕೆಳಗೆ ನೋವಿಲ್ಲ.’ ಕೊನೆಯದನ್ನು ಬಿಡಬೇಡಿ. ಏರುಕಾಲದಲ್ಲಿ ಮಂಡಿಚಿಪ್ಪಿನ ಕೆಳಗಿನ ಮೂಳೆಯ ಗುಬುಟು ನೋಯತೊಡಗಿದರೆ ಜಿಗಿತದ ಅಭ್ಯಾಸವನ್ನು ಅಂದೇ ಇಳಿಸಬೇಕಾಗುತ್ತದೆ.